ಮೊಳೆಯಣ್ಣನ ಕಪ್ಪು ಚೌಕಟ್ಟು

ಕಳೆದ ತಿಂಗಳು ಮೊಮ್ಮಗನ ಸಂಸಾರದ ಜೊತೆ ದುಬಾರೆಗೆ ಹೋಗಿದ್ದೆ. ಆನೆ ನೋಡಲೇಬೇಕು ಎಂದು ಮರಿಮಗಳ ಹಟ. ಆನೆ ನೋಡಿ, ಹೊಳೆಯಲ್ಲಿ ಕಾಲು ತೋಯಿಸಿ, ಅಲ್ಲೇ ಹತ್ತಿರದ ಒಂದು ಹೋಂಸ್ಟೇಯಲ್ಲಿ ಊಟಕ್ಕೆ ಕೂತೆವು. ಊಟದ ಕೋಣೆಯ ಗೋಡೆಗೆ ಮರದ ಅಗಲವಾದ, ಆಳವಿಲ್ಲದ ಒಂದು ಪೆಟ್ಟಿಗೆ ತಗುಲಿಸಿದ್ದರು. ಅದರ ತುಂಬ ಸಣ್ಣ ಸಣ್ಣ ಮನೆಗಳು. ಒಂದರಲ್ಲಿ ಗಾಜಿನ ಆನೆ, ಒಂದರಲ್ಲಿ ಕಾಫಿ ಬೀಜ, ಇನ್ನೊಂದರಲ್ಲಿ ಸಮುದ್ರದ ಚಿಪ್ಪು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಬಡಿಸುತ್ತಿದ್ದ ಹುಡುಗ, “ಹಳೇ ಕಾಲದಲ್ಲಿ ಸಾಂಬಾರ ಪದಾರ್ಥ ಇಡ್ತಿದ್ರಂತೆ ಅಜ್ಜಿ, ಆಂಟಿಕ್ ಪೀಸು” ಎಂದ.

ಎದ್ದು ಹೋಗಿ ಮೂಗು ಹತ್ತಿರ ಹಿಡಿದೆ. ಸೀಮೆಎಣ್ಣೆ, ಹಳೆಯ ಮಸಿ, ಅವೆರಡರ ಕೆಳಗೆ ಇನ್ನೊಂದು ತಣ್ಣನೆಯ ವಾಸನೆ... ಅದಕ್ಕೆ ಹೆಸರಿಲ್ಲ. ಹಳೆಯ ಬೀಗದ ಕೈ ಹಿಡಿದು ಬಿಟ್ಟ ಮೇಲೆ ಅಂಗೈಯಲ್ಲಿ ಉಳಿಯುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು.

“ಸಾಂಬಾರವೂ ಅಲ್ಲ, ನಿನ್ನ ತಲೆಯೂ ಅಲ್ಲ. ಇದು ಅಚ್ಚಿನ ಮೊಳೆ ಇಡೋ ಕೇಸು ಕಣಪ್ಪ” ಎಂದೆ. ಹುಡುಗ ನಕ್ಕು ಸಾರು ತರಲು ಹೋದ. ನಾನು ಎಲೆಯ ಮುಂದೆ ಬಂದು ಕೂತೆ.

ನಾನು ಕುಶಾಲನಗರದ ಕಡೆಯವಳು. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆ ನಿಂತ ಒಕ್ಕಲು ಮನೆ ನಮ್ಮದು. ಹೈಸ್ಕೂಲು ಮುಗಿಸಿದ್ದೆ ಎಂಬ ಒಂದೇ ಕಾರಣಕ್ಕೆ ಸಿದ್ದಾಪುರದವರು ನನ್ನನ್ನು ಒಪ್ಪಿದ್ದು ಎಂದು ಮದುವೆಯಾದ ಮೇಲೆ ಗೊತ್ತಾಯಿತು. ಮಾವನವರಿಗೆ ಬೇಕಾಗಿದ್ದದ್ದು ಸೊಸೆಯಲ್ಲ, ಪ್ರೂಫ್ ನೋಡುವವರು. ಪೇಟೆಯ ರಸ್ತೆಗೆ ಮುಖ ಮಾಡಿ ಅವರ ಪ್ರೆಸ್ಸು, ಅದರ ಬೆನ್ನಿಗೆ ಮನೆ. ಎಸ್ಟೇಟುಗಳಲ್ಲಿ ಕೊಯ್ಲಿನ ಲೆಕ್ಕ ಬರೆಯುವ ಪಿಕಿಂಗ್ ಚೀಟಿ, ಮದುವೆಯ ಕಾಗದ ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಜೊತೆಗೆ ಮಾವನವರೇ ಸಂಪಾದಕರಾಗಿ ನಡೆಸುತ್ತಿದ್ದ ನಾಲ್ಕು ಪುಟದ ವಾರಪತ್ರಿಕೆ. ನನ್ನ ಗಂಡ ಅಮ್ಮತ್ತಿಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದರು. ಉಳಿದ ದಿನವೆಲ್ಲ ನನಗೆ ಪ್ರೆಸ್ಸೇ ಸಂಸಾರ.

ಅಲ್ಲಿ ಕೆಲಸಕ್ಕೆ ಇದ್ದವರು ಇಬ್ಬರು. ಟ್ರೆಡಲ್ ಮಿಷನ್ ತುಳಿಯುವ ಕಾಕ, ಮಲಬಾರಿನ ಕಡೆಯವರು. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಇನ್ನೊಬ್ಬರು ಮೊಳೆ ಜೋಡಿಸುವ ಅಣ್ಣ. ಮಂಗಳೂರಿನ ಕಡೆಯಿಂದ ಬಂದವರು, ನಲವತ್ತರ ಆಸುಪಾಸು, ಒಂಟಿ ಜೀವ. ಊರಿಗೆಲ್ಲ ಅವರು ಮೊಳೆಯಣ್ಣ. ನನಗಿಂತ ಎರಡರಷ್ಟು ವಯಸ್ಸಾದರೂ ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು, ಮಾವನವರನ್ನು ‘ದಣಿ’ ಎಂದು. ಕಾಕನ ಬಾಯಲ್ಲಿ ಮಾವನವರು ‘ಮೊದಲಾಳಿ’.

ಈಗಿನವರಿಗೆ ಹೇಳಿದರೆ ಕಥೆಯ ಹಾಗೆ ಕೇಳುತ್ತಾರೆ. ಆಗ ಪತ್ರಿಕೆ ಎಂದರೆ ಒಂದೊಂದು ಅಕ್ಷರವೂ ಸೀಸದ ಒಂದೊಂದು ಮೊಳೆ. ಕೇಸಿನ ಮನೆಗಳಿಂದ ಅವನ್ನು ಹೆಕ್ಕಿ ಸಾಲು ಮಾಡಿ, ಸಾಲುಗಳನ್ನು ಪುಟ ಮಾಡಿ, ಹುರಿಯಿಂದ ಕಟ್ಟಿ, ಕಲ್ಲಿನ ಮೇಜಿನ ಮೇಲೆ ಇಡಬೇಕು. ಕಲ್ಲಿನ ಮೇಲೆ ಇರುವುದನ್ನೆಲ್ಲ ಕಾಕ ಕಬ್ಬಿಣದ ಚೌಕದಲ್ಲಿ ಬಿಗಿದು, ಮಿಷನ್ನಿಗೆ ಏರಿಸಿ, ಒಂದೊಂದೇ ಹಾಳೆ ಕೊಟ್ಟು ತುಳಿಯುತ್ತಿದ್ದರು. ಅಚ್ಚಾದ ಮೇಲೆ ಮತ್ತೆ ಪ್ರತಿ ಮೊಳೆಯನ್ನೂ ಬಿಡಿಸಿ ಅದರದರ ಮನೆಗೆ ಹಾಕಬೇಕು. ಮೊಳೆ ಕಡಿಮೆ, ಹೇಳುವುದು ಜಾಸ್ತಿ. ಈ ವಾರದ ಮಂತ್ರಿಗಳ ಭಾಷಣವೇ ಮುಂದಿನ ವಾರ ಕರಿಮೆಣಸಿನ ಧಾರಣೆಯಾಗುತ್ತಿತ್ತು.

ಮೊಳೆಯಣ್ಣನ ಕೈ ಕೇಸಿನ ಮೇಲೆ ಓಡುವುದನ್ನು ನೋಡುತ್ತ ಕೂರುವುದೇ ನನಗೊಂದು ಸುಖ. ಆದರೆ ಅವರಿಗೆ ಒಂದು ಅಭ್ಯಾಸ ಇತ್ತು. ಪ್ರೂಫ್ ತಿದ್ದುವಾಗ ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ನನ್ನ ಹಾಳೆ. ತೆಗೆದ ಮೊಳೆ, ಹಾಕಬೇಕಾದ ಮೊಳೆ ಎಲ್ಲ ತುಟಿಯ ನಡುವೆ. ಬಾಯಲ್ಲಿ ನಾಲ್ಕೈದು ಮೊಳೆ ಕಚ್ಚಿಕೊಂಡೇ ನನ್ನ ಜೊತೆ ಮಾತಾಡುತ್ತಿದ್ದರು. ಅದೇ ಕೈಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಒಮ್ಮೆ ನಾನು “ಅದೇನು ರುಚಿ ಅಂತ ಚೀಪ್ತೀರಿ ಅಣ್ಣ?” ಎಂದು ರೇಗಿಸಿದ್ದಕ್ಕೆ, “ಹೊಸ ಮೊಳೆ ಸ್ವಲ್ಪ ಸಿಹಿ ಉಂಟು ಅಕ್ಕ” ಎಂದು ಕಣ್ಣು ಮಿಟುಕಿಸಿದ್ದರು. ಸೀಸ ವಿಷ ಎಂದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆಗ ನಮ್ಮ ಪ್ರೆಸ್ಸಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅದು ದಿನಾ ಒಂದಿಷ್ಟಿಷ್ಟೇ ಅವರ ಒಳಗೆ ಹೋಗುತ್ತಿತ್ತು, ನಾವು ನಗುತ್ತ ನೋಡುತ್ತಿದ್ದೆವು.

ಇನ್ನು ಆ ಚೌಕಟ್ಟು. ಸಾವಿನ ಸುದ್ದಿ ಹಾಕಲು ದಪ್ಪ ಕಪ್ಪು ಗೆರೆಯ ಹಿತ್ತಾಳೆ ಪಟ್ಟಿಗಳು ನಮ್ಮಲ್ಲಿದ್ದದ್ದು ಒಂದೇ ಜೊತೆ. ಮೇಲೆ ‘ನಿಧನ’ ಎಂಬ ತಲೆಬರಹ, ಕೆಳಗೆ ಆತ್ಮಕ್ಕೆ ಶಾಂತಿ ಕೋರುವ ಸಾಲು, ಎರಡೂ ಯಾವಾಗಲೂ ಹಾಗೇ ಇರುತ್ತಿದ್ದವು. ನಡುವಿನ ಹೆಸರು, ಊರು ಮಾತ್ರ ಬದಲಾಗುತ್ತಿತ್ತು. ಅಚ್ಚಾದ ಮೇಲೆ ಉಳಿದೆಲ್ಲ ಮೊಳೆ ಬಿಡಿಸಿದರೂ ಮೊಳೆಯಣ್ಣ ಆ ಚೌಕಟ್ಟನ್ನು ಬಿಡಿಸುತ್ತಿರಲಿಲ್ಲ. ಸತ್ತವರ ಹೆಸರಿನ ಸಮೇತ ಹುರಿ ಕಟ್ಟಿ ಅಟ್ಟಣಿಗೆಯ ಮೇಲೆ ಇಡುತ್ತಿದ್ದರು. ಮುಂದಿನ ಸಾವು ಬಂದಾಗಲೇ ಹಳೆಯ ಹೆಸರು ಇಳಿಯುವುದು, ಹೊಸದು ಏರುವುದು. ಖಾಲಿ ಚೌಕಟ್ಟು ಹೆಸರು ಕೇಳುತ್ತದೆ ಎಂದು ಅವರಿಗೆ ಕೆಲಸ ಕಲಿಸಿದ ಗುರು ಹೇಳಿದ್ದರಂತೆ.

ಕೊಡವರ ಮನೆಗಳಲ್ಲಿ ಸಾವಾದರೆ ಕೋವಿ ಹಾರಿಸುತ್ತಾರೆ. ಗುಡ್ಡದ ಕಡೆಯಿಂದ ಜೋಡಿ ಗುಂಡಿನ ಸದ್ದು ಕೇಳಿದ ಕೂಡಲೇ ಮೊಳೆಯಣ್ಣ ಮಾತು ನಿಲ್ಲಿಸಿ, ಸ್ಟೂಲು ಹತ್ತಿ, ಚೌಕಟ್ಟು ಇಳಿಸಿ ಕಲ್ಲಿನ ಮೇಲೆ ಇಡುತ್ತಿದ್ದರು. ಯಾರ ಮನೆ, ಯಾರು ಹೋದರು ಏನೂ ಗೊತ್ತಿರುತ್ತಿರಲಿಲ್ಲ. ಹುರಿ ಬಿಚ್ಚಿ ಕಾಯುತ್ತ ನಿಲ್ಲುತ್ತಿದ್ದರು. ಆಗ ನನಗೆ ಅಲ್ಲಿ ಕೂರಲಾಗುತ್ತಿರಲಿಲ್ಲ, ಏನೋ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಅದು ಕೊಡಗು ರಾಜ್ಯ ಇರುತ್ತದೋ ಹೋಗುತ್ತದೋ ಎಂಬ ಗಲಾಟೆಯ ಕಾಲ. ಮಡಿಕೇರಿಯಲ್ಲಿ ನಮ್ಮದೇ ವಿಧಾನಸಭೆ, ನಮ್ಮದೇ ಮಂತ್ರಿಗಳು. ಅದನ್ನು ಮೈಸೂರಿಗೆ ಸೇರಿಸುವ ಮಾತು ಬಲವಾಗಿತ್ತು. ಮಾವನವರು ಕೂಡದು ಎನ್ನುವ ಪಕ್ಷ. ಅವರ ಸಂಪಾದಕೀಯ ವಾರವಾರಕ್ಕೂ ಉದ್ದವಾಗುತ್ತಿತ್ತು. ಕಾಫಿ ಕೊಯ್ಲು ಬೇರೆ, ಪಿಕಿಂಗ್ ಚೀಟಿ ಕೊಡಿ ಎಂದು ಎಸ್ಟೇಟಿನವರು ಬಾಗಿಲಲ್ಲೇ ನಿಂತಿರುತ್ತಿದ್ದರು. ಮೊಳೆ ಸಾಲಲಿಲ್ಲ. ಒಂದು ಬೆಳಗ್ಗೆ ಮಾವನವರು ಅಟ್ಟಣಿಗೆ ನೋಡಿ ಸಿಡಿದರು.

“ಸತ್ತೋರಿಗೆ ಅಷ್ಟೊಂದು ಮೊಳೆ ಕಟ್ಟಿಟ್ರೆ ಬದುಕಿರೋರಿಗೆ ಎಲ್ಲಿಂದ ತರ್ಲಿ? ಬಿಡ್ಸಯ್ಯ ಅದನ್ನ.”

ಮೊಳೆಯಣ್ಣ ಎರಡು ಮಾತು ಆಡಿ ನೋಡಿದರು, ಮಾವನವರು ಕೇಳಲಿಲ್ಲ. ಸರಿ, ಹೆಸರು ಊರು ಎಲ್ಲ ಬಿಡಿಸಿ ಕೇಸಿಗೆ ಹಾಕಿದರು. ಆಮೇಲೆ ಮತ್ತೆ ಏನನ್ನೋ ಜೋಡಿಸತೊಡಗಿದ್ದನ್ನು ಕಂಡು ಹತ್ತಿರ ಹೋದೆ. ಚೌಕಟ್ಟಿನ ನಡುವೆ ಅವರ ಹೆಸರು, ಕೆಳಗೆ ಸಿದ್ದಾಪುರ.

“ಬಿಡ್ತು ಅನ್ನಿ ಅಣ್ಣ. ಇದೇನು ಮಾಡ್ತಿದ್ದೀರಿ?”

“ಖಾಲಿ ಬಿಡ್ಲಿಕ್ಕಿಲ್ಲ ಅಕ್ಕ. ನೀವು ಬಸುರಿ ಹೆಂಗಸು, ಇದೇ ಸೂರಿನ ಕೆಳಗೆ ಇದ್ದೀರಿ. ನನ್ನ ಹೆಸರಿಗೆ ಮೂರೇ ಮೊಳೆ ಸಾಕು, ದಣಿಗೂ ನಷ್ಟ ಇಲ್ಲ.” ನನ್ನ ಮುಖ ನೋಡಿ ನಕ್ಕರು. “ಹೆದರ್ಬೇಡಿ. ಇದೆಂತ ಅಚ್ಚಿಗೆ ಹೋಗುವ ಹೆಸರಾ?”

ನನಗೆ ಆಗ ಏಳು ತಿಂಗಳು. ತಾಯಿ ಇಲ್ಲದವಳಾದ್ದರಿಂದ ಬಾಣಂತನ ಅತ್ತೆಯದೇ, ಇಲ್ಲೇ. ಕಾಲು ಊದಿತ್ತು, ಹೋಗಿ ಮಲಗು ಎಂದು ಅತ್ತೆ ಕೂಗಿದರು. ಹೋಗಿ ಮಲಗಿದೆ.

ಮೊಳೆಯಣ್ಣನಿಗೆ ಕೆಲವು ತಿಂಗಳಿಂದ ಹೊಟ್ಟೆನೋವು ಬರುತ್ತಿತ್ತು. ಬಂದರೆ ಕರುಳು ಹಿಂಡಿದ ಹಾಗೆ, ಎರಡಾಗಿ ಮಡಿಚಿಕೊಳ್ಳುತ್ತಿದ್ದರು. ವಾಯು ಎಂದು ಅತ್ತೆ ಓಮದ ಕಷಾಯ ಕೊಡುತ್ತಿದ್ದರು. ಅವತ್ತು ಚೌಕಟ್ಟಿಗೆ ಹುರಿ ಕಟ್ಟಿ ಮುಗಿಸಿದ್ದಷ್ಟೇ, ಅಟ್ಟಣಿಗೆಗೆ ಏರಿಸಬೇಕು ಎನ್ನುವಷ್ಟರಲ್ಲಿ ನೋವು ಹಿಡಿಯಿತು. ಅದನ್ನು ಕಲ್ಲಿನ ಮೇಲೆಯೇ ಬಿಟ್ಟು, ಗೋಡೆ ಹಿಡಿದು ಹಿಂದಿನ ಕೋಣೆಗೆ ಹೋಗಿ ಮಲಗಿಬಿಟ್ಟರು.

ಮಾರನೆಯ ಬೆಳಗ್ಗೆ ಕೊನೆಯ ಪುಟ ಏರಿಸುವ ಹೊತ್ತಿಗೆ ಯಾವುದೋ ಎಸ್ಟೇಟಿನವರು ತಮ್ಮ ಜಾಹೀರಾತು ಬೇಡ ಎಂದು ಆಳು ಕಳಿಸಿದರು. ಪುಟದ ಮೂಲೆಯಲ್ಲಿ ಖಾಲಿ ಜಾಗ ಬಿತ್ತು. ವಿರಾಜಪೇಟೆಯ ಬಸ್ಸು ಹೊರಡುವ ಸಮಯ. ಮಾವನವರು ತಮ್ಮ ಸಂಪಾದಕೀಯ ಇದ್ದ ಮೊದಲ ಪುಟ ಬಿಟ್ಟು ಬೇರೆ ಪುಟದ ಕಡೆ ತಿರುಗಿಯೂ ನೋಡುವವರಲ್ಲ. “ಏನಾದ್ರೂ ತುಂಬ್ಸು ಕಾಕ, ಬಸ್ಸು ಹೋಗ್ತದೆ” ಎಂದರು. ಕಾಕ ನೋಡಿದರು: ಕಲ್ಲಿನ ಮೇಲೆ ಹುರಿ ಕಟ್ಟಿದ ಕಪ್ಪು ಚೌಕಟ್ಟು. ಕಲ್ಲಿಗೆ ಇಳಿದಿದೆ ಎಂದರೆ ಅಚ್ಚಿಗೆ ಎಂದೇ ಅರ್ಥ. ಬಿಗಿದು ತುಳಿದರು.

ಮಿಕ್ಕ ಒಂದು ಪ್ರತಿ ನನ್ನ ಕೈಗೆ ಬಂದಾಗ ಬಸ್ಸು ಹೋಗಿ ಗಂಟೆಯ ಮೇಲಾಗಿತ್ತು. ಕೊನೆಯ ಪುಟ ತಿರುವಿದೆ. ಮೂಲೆಯ ಕಪ್ಪು ಚೌಕಟ್ಟಿನಲ್ಲಿ ಮೊಳೆಯಣ್ಣನ ಹೆಸರು.

ಮಧ್ಯಾಹ್ನದ ಬಸ್ಸಿಗೇ ಜನ ಬರತೊಡಗಿದರು. ಮೊದಲು ಬಂದದ್ದು ಅಮ್ಮತ್ತಿ ಕಡೆಯ ಒಬ್ಬ ರೈಟರ್, ಕೈಯಲ್ಲಿ ಚೆಂಡುಹೂವಿನ ಹಾರ, ಊದುಬತ್ತಿ. ಮೊಳೆಯಣ್ಣ ಪ್ರೆಸ್ಸಿನ ಮೆಟ್ಟಿಲ ಮೇಲೆ ಹೊಟ್ಟೆ ಒತ್ತಿಕೊಂಡು ಕೂತಿದ್ದರು. “ಎಂತ ಮಾರಾಯ್ರೆ, ಯಾರು ಹೋದದ್ದು?” ಎಂದು ಕೇಳಿದರು. ಆ ಮನುಷ್ಯ ಹಾರವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಬೆಪ್ಪಾಗಿ ನಿಂತ. ಸಂಜೆಯವರೆಗೂ ಜನವೋ ಜನ. ಅತ್ತೆ ಕಾಫಿ ಕಾಸಿ ಕಾಸಿ ಸುಸ್ತಾದರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಸ್ಸು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇದೆಯಲ್ಲ, ಬಂದವರೆಲ್ಲ ಅದನ್ನೇ ಹೇಳಿದರು. “ಇನ್ನು ನೂರು ವರ್ಷಕ್ಕೆ ಮೋಸ ಇಲ್ಲ ಬಿಡಿ” ಎಂದು ಬೆನ್ನು ತಟ್ಟಿದರು. ಕೊನೆಗೆ ಸಾವಿನ ಮನೆಯ ಕಾಫಿ ಕುಡಿಯುತ್ತ ಎಲ್ಲರೂ ನಗತೊಡಗಿದರು.

ನಗದೆ ಇದ್ದವರು ಇಬ್ಬರೇ. ಕಾಕ ಮಿಷನ್ನಿನ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. “ಪಡಚೋನೇ...” ಎಂದು ದೇವರನ್ನು ಕರೆದು, “ನಿಮ್ಮ ಅಕ್ಷರ ನನಗೆ ಅರಿಯಿಲ್ಲಲ್ಲಾ. ಕಲ್ಲಿನ ಮೇಲೆ ಇತ್ತು, ಹಾಕಿದೆ” ಎಂದು ನನ್ನ ಹತ್ತಿರ ಮತ್ತೆ ಮತ್ತೆ ಹೇಳಿದರು. ಮೊಳೆಯಣ್ಣ ಆ ಹಾಳೆಯನ್ನು ಮಡಿಲಲ್ಲಿ ಹರಡಿಕೊಂಡು ತಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು.

ನನಗೆ ಈಗಲೂ ಹೊಟ್ಟೆ ಉರಿಯುವುದು ಆ ನೂರು ವರ್ಷದ ಮಾತಿಗೆ. ಅದಾದ ಮೇಲೆ ಅವರ ನೋವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮಡಿಕೇರಿಯ ದೊಡ್ಡಾಸ್ಪತ್ರೆಗೆ ತೋರಿಸಿ ಬರ್ತೇನೆ ದಣಿ ಎಂದು ಅವರಾಗಿಯೇ ಬಾಯಿಬಿಟ್ಟು ಕೇಳಿದರು. “ನಿಂಗೇನಯ್ಯ, ನೂರು ವರ್ಷ ಬರೆದಾಗಿದೆ. ಕೊಯ್ಲು ಮುಗೀಲಿ, ಹೋಗುವೆಯಂತೆ” ಎಂದು ಮಾವನವರು ತೇಲಿಸಿಬಿಟ್ಟರು.

ಮುಂದಿನ ವಾರಕ್ಕೆ ಮಾವನವರೇ ತಿದ್ದುಪಡಿ ಬರೆದರು. ಅವರು ಬದುಕಿದ್ದಾರೆ, ಪ್ರಮಾದಕ್ಕೆ ವಿಷಾದಿಸುತ್ತೇವೆ ಎಂದು. “ತಗೋ, ನಿನ್ನ ಜೀವ ನೀನೇ ಜೋಡಿಸ್ಕೊ” ಎಂದು ತಮಾಷೆ ಮಾಡಿ ಕೊಟ್ಟರು. ಮೊಳೆಯಣ್ಣ ಕೇಸಿನ ಮುಂದೆ ನಿಂತರು. ನಾನು ಹತ್ತಿರವೇ ಕೂತಿದ್ದೆ. ಕೈ ಎತ್ತಿದರು. ಮುಂಗೈ ಮೇಲೇಳಲಿಲ್ಲ. ಮಣಿಕಟ್ಟಿನಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು, ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಒಂದು ಮೊಳೆ ಹೆಕ್ಕಿದರು, ತುಟಿಯಲ್ಲಿ ಇಟ್ಟುಕೊಂಡರು, ಇನ್ನೊಂದಕ್ಕೆ ಕೈ ಚಾಚಿದರು... ಜೋಡಿಸಿದ್ದ ಅರ್ಧ ಸಾಲು ಜಾರಿ ನೆಲದ ಮೇಲೆಲ್ಲ ಚೆಲ್ಲಿತು.

ನನ್ನ ಕಡೆ ತಿರುಗಿ ನಗಲು ನೋಡಿದರು. ಆಗ ಕಂಡೆ: ಒಸಡಿನ ಉದ್ದಕ್ಕೂ, ಹಲ್ಲಿನ ಬುಡದಲ್ಲಿ, ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ ಒಂದು ನೀಲಿ ಗೆರೆ. ಮಸಿಯಿರಬೇಕು ಎಂದುಕೊಂಡೆ.

“ಜೋಮು ಹಿಡಿದದ್ದು ಅಕ್ಕ. ನಾಳೆ ಮಾಡ್ತೇನೆ” ಎಂದರು.

ಆ ನಾಳೆ ಬರಲಿಲ್ಲ. ಮಾವನವರು ವಿರಾಜಪೇಟೆಯಿಂದ ಒಬ್ಬನನ್ನು ಕರೆಸಿಕೊಂಡರು. ಅವನು ಸಂಪಾದಕೀಯ ಜೋಡಿಸಿದ, ಪಿಕಿಂಗ್ ಚೀಟಿ ಜೋಡಿಸಿದ, ತಿದ್ದುಪಡಿಗೆ ಜಾಗ ಉಳಿಯಲಿಲ್ಲ. ಊರಿಗೆಲ್ಲ ಗೊತ್ತಿರುವುದಕ್ಕೆ ಇನ್ನೇಕೆ ಎಂದು ಮಾವನವರು ಕೈಬಿಟ್ಟರು. ಹಾಗಾಗಿ ನಮ್ಮ ಪತ್ರಿಕೆಯ ಲೆಕ್ಕದಲ್ಲಿ ಮೊಳೆಯಣ್ಣ ಸತ್ತೇ ಇದ್ದರು.

ಕೈ ಬಿದ್ದದ್ದು ತಿಳಿದ ಮೇಲೆ ಊರಿನ ಮಾತು ತಿರುಗಿತು. ನೂರು ವರ್ಷ ಎಂದವರೇ ಈಗ ಅಚ್ಚಾದ ಹೆಸರು ಸುಮ್ಮನೆ ಬಿಡುವುದಿಲ್ಲ ಎನ್ನತೊಡಗಿದರು. ಚಾದಂಗಡಿಯ ಬೆಂಚಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. ಕಾಕ ಮಾತ್ರ ಕೂತು, ಗ್ಲಾಸು ಎತ್ತಿ ಅವರ ಬಾಯಿಗೆ ಹಿಡಿಯುತ್ತಿದ್ದರು.

ನನಗೆ ಹೆಣ್ಣು ಮಗುವಾಯಿತು. ಹತ್ತು ದಿನ ಕಳೆದ ಮೇಲೆ ಮೊಳೆಯಣ್ಣ ಮಗು ನೋಡಲು ಬಂದರು. ಮೈಯಲ್ಲಿ ರಕ್ತವೇ ಇಲ್ಲದ ಹಾಗೆ ಬಿಳಿಚಿದ್ದರು. ಎಡಗೈಯಲ್ಲಿ ಏನನ್ನೋ ಮುಚ್ಚಿ ಹಿಡಿದಿದ್ದರು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು.

“ಬೇಡ ಕಣಪ್ಪ. ಹಸುಗೂಸು ಐತೆ, ನೀನು ಹೋಗು.”

“ದೂರದಿಂದ ನೋಡ್ತೇನೆ ಅಮ್ಮ. ಮುಟ್ಲಿಕ್ಕಿಲ್ಲ.”

ಅತ್ತೆ ಜರುಗಲಿಲ್ಲ. ಅವರು ಎಡಗೈ ಬಿಚ್ಚಿ ಹೊಸ್ತಿಲ ಮೇಲೆ ಒಂದು ಗಿಳಿ ಇಟ್ಟರು. ಕೈ ಬೀಳುವ ಮೊದಲೇ, ಸವೆದ ಮೊಳೆ ಕರಗಿಸಿ ನನ್ನ ಮಗುವಿಗೆಂದು ಎರಕ ಹೊಯ್ದಿಟ್ಟಿದ್ದ ಸೀಸದ ಗಿಳಿ. ಹಿಡಿಯಲು ಉಂಗುರ, ಚೀಪಲು ಅನುಕೂಲವಾಗುವ ಉರುಟು ಬಾಲ. ಅವರು ಮೆಟ್ಟಿಲು ಇಳಿದ ಮೇಲೆ ಅತ್ತೆ ಅದನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲ ಬಾವಿಗೆ ಎಸೆದು ಬಂದರು. ನಾನು ಅವತ್ತು ಅತ್ತ ಹಾಗೆ ಹೆರಿಗೆಯಲ್ಲೂ ಅತ್ತಿರಲಿಲ್ಲ. ಒಬ್ಬ ಮನುಷ್ಯನಿಗೆ ಬದುಕಿದ್ದಾಗಲೇ ಹೀಗೆ ಮಾಡುತ್ತಾರೆಯೇ? ಎಷ್ಟೋ ವರ್ಷ ಅತ್ತೆಯ ಮೇಲೆ ಆ ಕೋಪ ನನಗೆ ಆರಲಿಲ್ಲ.

ಸ್ವಲ್ಪ ದಿನಕ್ಕೆ ಅವರ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದ. ಬಸ್ಸಿನ ಕಿಟಕಿಯಿಂದ ಕೈ ಬೀಸಲೂ ಅವರಿಗೆ ಆಗಲಿಲ್ಲ, ತಲೆ ಆಡಿಸಿದರು. ಮಳೆಗಾಲಕ್ಕೆ ಮುಂಚೆ ಸುದ್ದಿ ಬಂತು. ಮಾವನವರು ಮೂರು ದಿನ ಪ್ರೆಸ್ಸಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದು, ಈ ಸಲ ಸರಿಯಾಗಿ ಹಾಕೋಣ ಎಂದು ಅಟ್ಟಣಿಗೆಯಿಂದ ಚೌಕಟ್ಟು ಇಳಿಸಿದರು. ಆ ತಪ್ಪಾದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ, ಬೇರೆ ಸಾವುಗಳು ಚೌಕಟ್ಟಿಲ್ಲದೆಯೇ ಅಚ್ಚಾಗುತ್ತಿದ್ದವು. ಹೆಸರು ಅದರೊಳಗೆ ಇದ್ದೇ ಇತ್ತು, ಊರು ಬದಲಿಸಿದ್ದರೆ ಸಾಕಾಗಿತ್ತು. ಕಾಕ ಮಿಷನ್ನಿನಿಂದ ಇಳಿದು ನಿಂತರು.

“ಒಂದು ಸಲ ಹಾಕಿದೆ ಅಲ್ಲಾ. ಇನ್ನು ನಾನು ಹಾಕಲ್ಲ ಮೊದಲಾಳಿ. ಬೇರೆ ಯಾರನ್ನಾದರೂ ಕರೀರಿ.”

ಯಾರನ್ನೂ ಕರೆಯಲಿಲ್ಲ. ಹೀಗೆ ಮೊಳೆಯಣ್ಣನ ಸಾವಿನ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ, ಅವರು ಬದುಕಿದ್ದಾಗ.

ಆ ವರ್ಷದ ನವೆಂಬರಿನಲ್ಲಿ ರಾಜ್ಯ ಹೋಯಿತು. ಮಾವನವರು ತಾವೇ ಆ ಚೌಕಟ್ಟಿನ ಹುರಿ ಬಿಚ್ಚಿ, ‘ಕೊಡಗು ರಾಜ್ಯ’ ಎಂದು ಜೋಡಿಸಿದರು. ಅದನ್ನು ಕಾಕ ತುಳಿದರು. ಒಳಗಿಂದ ತೆಗೆದ, ಮೊಳೆಯಣ್ಣನ ಹೆಸರಿನ ಆ ಮೂರು ಮೊಳೆಗಳನ್ನು ನಾನೇ ಕೇಸಿನ ಮನೆಗಳಿಗೆ ಹಾಕಿದೆ.

ಆಮೇಲೆ ಕರೆಂಟಿನ ಮಿಷನ್ ಬಂತು, ಕಾಕ ತುಳಿಯುವುದು ತಪ್ಪಿತು. ಆಫ್‌ಸೆಟ್ ಬಂದ ಮೇಲೆ ನನ್ನ ಗಂಡ ಮೊಳೆಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದರು, ಕೇಸುಗಳನ್ನು ಗುಜರಿಯವರು ಒಯ್ದರು. ಈಗ ಪತ್ರಿಕೆ ಮೊಮ್ಮಗನ ಫೋನಿನಲ್ಲೇ ಬರುತ್ತದೆ.

ಆ ಮಗಳೇ ಮುಂದೆ ನರ್ಸ್ ಆದಳು. ಒಂದು ಸಲ ರಜೆಗೆ ಬಂದಾಗ ಬಿಸಿಲಿಗೆ ಕಾಲು ಚಾಚಿ ಕೂತು ಹಳೆಯ ಕಥೆ ಹೇಳುತ್ತಿದ್ದೆ. ಹೊಟ್ಟೆನೋವು, ಬಿದ್ದ ಕೈ ಅಂತ. ಅವಳು ಕಾಫಿ ಲೋಟ ಕೆಳಗಿಟ್ಟು, “ಅಮ್ಮ, ಅವರ ಒಸಡಲ್ಲಿ ನೀಲಿ ಗೆರೆ ಇತ್ತಾ?” ಎಂದಳು. ಅದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಸೀಸ ಏರಿದರೆ ಹೀಗೇ ಆಗುವುದು, ಬೇಗ ಗೊತ್ತಾಗಿ ಆ ಕೆಲಸ ಬಿಡಿಸಿದ್ದರೆ ಉಳಿಯಬಹುದಿತ್ತು ಎಂದಳು. ನನಗೆ ಮೊದಲು ನೆನಪಾದದ್ದು ಬಾವಿಯ ತಳದಲ್ಲಿದ್ದ ಆ ಸೀಸದ ಗಿಳಿ. ಅತ್ತೆ ಮಾಡಿದ್ದು ಅನ್ಯಾಯ, ಈಗಲೂ ಹಾಗೇ ಹೇಳುತ್ತೇನೆ. ಆದರೂ ಎದುರಿಗೆ ಕೂತ ಮಗಳ ಕೈಯನ್ನು ಹಿಡಿದು ನೋಡಿದೆ.

ಹೋಂಸ್ಟೇಯಲ್ಲಿ ಇದನ್ನೆಲ್ಲ ನೆನೆಯುತ್ತ ಎಲೆಯ ಮುಂದೆ ಕೂತಿದ್ದಾಗ ಮರಿಮಗಳು ಕುರ್ಚಿ ಹತ್ತಿ ಕೇಸಿನ ಮನೆಗಳಲ್ಲಿ ಬೆರಳಾಡಿಸುತ್ತಿದ್ದಳು. ಅವರಮ್ಮ ಫೋಟೋ ತೆಗೆಯುತ್ತಿದ್ದಳು. ಮೂಲೆಯ ಒಂದು ಮನೆಯಿಂದ ಮಗು ಏನೋ ಬೂದುಬಣ್ಣದ್ದನ್ನು ಕೆದಕಿ ತೆಗೆದಳು, ಬೆಳಕಿಗೆ ಹಿಡಿದು ನೋಡಿದಳು, ಬಾಯಿಗೆ ಹಾಕಿಕೊಂಡಳು.

ಈ ವಯಸ್ಸಿನಲ್ಲಿ ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ನನ್ನ ಕುರ್ಚಿ ಉರುಳಿತು. ಮಗುವಿನ ಕೆನ್ನೆ ಅದುಮಿ, ಬಾಯಿಗೆ ಬೆರಳು ತೂರಿಸಿ, ಅದನ್ನು ಕಿತ್ತು ತೆಗೆದೆ. ಮಗು ಕಿಟಾರನೆ ಕಿರುಚಿದಳು. “ಅಜ್ಜಿ, ಏನಾಯ್ತು ನಿಮ್ಗೆ? ಹೆದರ್ಕೊಂಡ್ಲು ನೋಡಿ” ಎಂದು ಮೊಮ್ಮಗನ ಹೆಂಡತಿ ಓಡಿ ಬಂದಳು. ನಾನು ಮಗುವನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಬಾಯಿ ತೊಳೆಸಿದೆ. ಅವಳ ಕೈ ತೊಳೆದೆ. ಮತ್ತೆ ತೊಳೆದೆ.

ಮೊಳೆಯಣ್ಣನ ತುಟಿಯಿಂದ ಹೀಗೆ ಕಿತ್ತು ತೆಗೆಯುವ ಒಬ್ಬರು ಆಗ ಇದ್ದಿದ್ದರೆ... ನನ್ನ ಮುಚ್ಚಿದ ಎಡಗೈಯಲ್ಲಿ ಇನ್ನೂ ಆ ಮೊಳೆ ಇತ್ತು, ಮಗುವಿನ ಎಂಜಲಿಗೆ ಒದ್ದೆಯಾಗಿ. ಯಾವ ಅಕ್ಷರ ಎಂದು ನಾನು ನೋಡಲಿಲ್ಲ.